ವಿಳಾಸವೂ ಜಾಹೀರಾತೇ: ಆಹಾರ, ಔಷಧ, ಚಿಕಿತ್ಸೆಯ ವ್ಯವಹಾರಕ್ಕೆ ಡೊಮೇನ್ ಹೆಸರು ಆರಿಸುವಾಗ

ಒಂದು ಕಿಲೋ ನವಣೆ ಹಿಟ್ಟಿನ ಪೊಟ್ಟಣವೊಂದು ಕೆಲ ಕಾಲದ ಹಿಂದೆ ನನ್ನ ಮೇಜಿಗೆ ಬಂದಿತ್ತು. ಸಣ್ಣ ಉದ್ದಿಮೆಗಳ ಲೇಬಲ್ ಮತ್ತು ಟ್ರೇಡ್‌ಮಾರ್ಕ್ ಕಾಗದಪತ್ರಗಳನ್ನು ನೋಡಿಕೊಡುವುದು ನನ್ನ ಕೆಲಸವಾದ್ದರಿಂದ ಇಂಥ ಪೊಟ್ಟಣಗಳು ಬರುತ್ತಲೇ ಇರುತ್ತವೆ. ಮುಂಬದಿಯಲ್ಲಿ ಹಿಟ್ಟಿನ ಹೆಸರು, ಹಸಿರು ಚುಕ್ಕೆ, ನಿವ್ವಳ ತೂಕ. ಹಿಂಬದಿಯಲ್ಲಿ ಪೋಷಕಾಂಶಗಳ ಪಟ್ಟಿ, ತಯಾರಿಸಿದ ದಿನಾಂಕ, ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್ಎಸ್ಎಸ್ಎಐ ಕೊಟ್ಟ 14 ಅಂಕಿಗಳ ಸಂಖ್ಯೆ, ದೂರು ಹೇಳಲು ಒಂದು ಫೋನ್ ನಂಬರು. ಯಾವ ಕಾಯಿಲೆಯ ಹೆಸರನ್ನೂ ಎತ್ತದೆ, ಬಹಳ ಎಚ್ಚರಿಕೆಯಿಂದ ಬರೆದ ಲೇಬಲ್ ಅದು. ಆದರೆ ತೀರ ಕೆಳಗೆ, ಸಣ್ಣಕ್ಷರದಲ್ಲಿ ಅಚ್ಚಾಗಿದ್ದ ಜಾಲತಾಣದ ವಿಳಾಸವು ಸಕ್ಕರೆ ಕಾಯಿಲೆಯಿಂದ ಮುಕ್ತಿ ಕೊಡಿಸುವುದಾಗಿ ಹೇಳುತ್ತಿತ್ತು. ಅದನ್ನು ತೋರಿಸಿದಾಗ ಮಾಲೀಕರು, "ಅದು ಬರೀ ಅಡ್ರೆಸ್ ಅಲ್ವಾ ಸಾರ್, ಅದರಲ್ಲೇನಿದೆ?" ಎಂದರು.

ಹೆಸರು ಆರಿಸುವ ಮೊದಲು ಉತ್ತರ ಕಂಡುಕೊಳ್ಳಬೇಕಾದ ಪ್ರಶ್ನೆ ಅದೇ. ಪುಟದಲ್ಲಿ ಬರೆದ ಮಾತನ್ನು ಒಂದು ಸಂಜೆಯಲ್ಲಿ ತಿದ್ದಬಹುದು, ಅದರ ಪಕ್ಕದಲ್ಲಿ ಷರತ್ತು ಸೇರಿಸಬಹುದು, ತಜ್ಞರ ಸಲಹೆ ಪಡೆಯಿರಿ ಎಂದು ಕೆಳಗೆ ಬರೆಯಬಹುದು. ಹೆಸರಿಗೆ ಇಂಥ ಅವಕಾಶ ಯಾವುದೂ ಇಲ್ಲ. ಅದು ಬಿಲ್ಲಿನ ಮೇಲೆ, ಇ-ಮೇಲಿನ ಕೊನೆಯಲ್ಲಿ, ಆಟೋದ ಹಿಂದೆ, ವಾಟ್ಸ್ಆ್ಯಪ್ ಸಂದೇಶದಲ್ಲಿ, ಷರತ್ತುಗಳನ್ನೆಲ್ಲ ಮನೆಯಲ್ಲಿ ಬಿಟ್ಟು ಒಂಟಿಯಾಗಿ ತಿರುಗುತ್ತದೆ.

ಕಾನೂನಿನ ಕಣ್ಣಿಗೆ ವಿಳಾಸ ಎಂದರೇನು

ಭಾರತದ ಕಾಯ್ದೆಗಳಲ್ಲಿ 'ಡೊಮೇನ್' ಎಂಬ ಪದವನ್ನು ಹುಡುಕುತ್ತ ಕೂರಬೇಕಾಗಿಲ್ಲ, ಏಕೆಂದರೆ ಜಾಹೀರಾತಿನ ವ್ಯಾಖ್ಯೆಯೇ ಬಹಳ ಅಗಲವಾಗಿದೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತುಗಳ) ಕಾಯ್ದೆಯು ಸೂಚನಾಪತ್ರ, ಸುತ್ತೋಲೆ, ಲೇಬಲ್, ಹೊದಿಕೆ ಮೊದಲಾದ ಎಲ್ಲ ದಸ್ತಾವೇಜುಗಳನ್ನೂ, ಬಾಯಿಮಾತಿನಲ್ಲಾಗಲಿ, ಬೆಳಕು, ಧ್ವನಿ, ಹೊಗೆಗಳ ಮೂಲಕವಾಗಲಿ ಮಾಡಿದ ಪ್ರಕಟಣೆಯನ್ನೂ ಜಾಹೀರಾತು ಎಂದೇ ಎಣಿಸುತ್ತದೆ. ಹೊಗೆಯನ್ನೂ ಬಿಡದ ಕಾಯ್ದೆಯು ಪೊಟ್ಟಣದ ಮೇಲೆ ಅಚ್ಚಾದ ವಿಳಾಸವನ್ನು ಬಿಟ್ಟೀತು ಎಂದು ನಂಬುವುದು ಕಷ್ಟ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಖ್ಯೆಯಲ್ಲಂತೂ ಇಂಟರ್‌ನೆಟ್ ಮತ್ತು ಜಾಲತಾಣಗಳು ಹೆಸರಿನ ಸಮೇತ ಸೇರಿವೆ. ಲೇಬಲ್, ಹೊದಿಕೆ, ಬಿಲ್ಲುಗಳೂ ಸೇರಿವೆ.

ಡೊಮೇನ್ ಹೆಸರು ಕೇವಲ ತಾಂತ್ರಿಕ ವಿಳಾಸವಲ್ಲ, ವ್ಯವಹಾರವನ್ನು ಗುರುತಿಸುವ ಚಿಹ್ನೆಯೂ ಹೌದು ಎಂಬುದನ್ನು ನಮ್ಮ ಸುಪ್ರೀಂ ಕೋರ್ಟ್ 2004ರಲ್ಲಿ ಸತ್ಯಂ ಇನ್ಫೋವೇ ಮತ್ತು ಸಿಫಿನೆಟ್ ಸೊಲ್ಯೂಷನ್ಸ್ ನಡುವಣ ಪ್ರಕರಣದಲ್ಲಿ ಒಪ್ಪಿಕೊಂಡಿದೆ. ಆ ವಿವಾದ ಟ್ರೇಡ್‌ಮಾರ್ಕಿನದು. ವಿಳಾಸವೇ ಜಾಹೀರಾತಾದೀತೇ ಎಂಬ ಪ್ರಶ್ನೆಯನ್ನು ನೇರವಾಗಿ ಬಗೆಹರಿಸಿದ್ದು ಐರೋಪ್ಯ ಒಕ್ಕೂಟದ ನ್ಯಾಯಾಲಯ, 2013ರ ಜುಲೈ 11ರಂದು. ಲೇಸರ್ ಬಳಸಿ ವಿಂಗಡಿಸುವ ಯಂತ್ರಗಳನ್ನು ತಯಾರಿಸುವ ಬೆಲ್ಜಿಯಂನ ಬೆಸ್ಟ್ ಎಂಬ ಕಂಪನಿಯ ಪ್ರತಿಸ್ಪರ್ಧಿಯು 'ಬೆಸ್ಟ್‌ಲೇಸರ್‌ಸಾರ್ಟರ್ ಡಾಟ್ ಕಾಮ್' ಎಂಬ ಹೆಸರನ್ನು ನೋಂದಾಯಿಸಿಕೊಂಡಿತ್ತು. ಹೆಸರನ್ನು ನೋಂದಾಯಿಸುವುದಷ್ಟೇ ಜಾಹೀರಾತಲ್ಲ, ಆದರೆ ಆ ಹೆಸರನ್ನು ಮಾರಾಟಕ್ಕೆ ಬಳಸುವುದು ಜಾಹೀರಾತೇ ಎಂದು ನ್ಯಾಯಾಲಯ ಹೇಳಿತು. ಹುಡುಕಾಟದ ಯಂತ್ರಗಳಿಗಾಗಿ ಪುಟದೊಳಗೆ ಅಡಗಿಸಿಡುವ ಮೆಟಾಟ್ಯಾಗ್‌ಗಳಿಗೂ ಇದೇ ಮಾತು ಅನ್ವಯಿಸಿತು. ಆ ತೀರ್ಪು ಭಾರತವನ್ನು ಕಟ್ಟಿಹಾಕುವುದಿಲ್ಲವಾದರೂ ಹೆಸರು ಆರಿಸುವವರಿಗೆ ಅದು ಎಳೆದುಕೊಟ್ಟಿರುವ ಗೆರೆ ಉಪಯುಕ್ತವಾದದ್ದು: ಯಾರೂ ಕಬಳಿಸದಿರಲಿ ಎಂದು ಒಂದು ಹೆಸರನ್ನು ಕೊಂಡು ಖಾಲಿ ಇಟ್ಟುಕೊಳ್ಳುವುದು ಬೇರೆ, ಅದನ್ನು ನಿಮ್ಮ ಮಾರಾಟದ ಪುಟಕ್ಕೆ ಜೋಡಿಸುವುದು ಬೇರೆ.

ಮೊದಲು ಪರವಾನಗಿ, ಆಮೇಲೆ ಹೆಸರು

ಹೆಸರು ಹುಡುಕಲು ಕುಳಿತವರು ಸಾಮಾನ್ಯವಾಗಿ ಜನ ಗೂಗಲ್‌ನಲ್ಲಿ ಏನು ಹುಡುಕುತ್ತಾರೆ ಎಂಬುದರಿಂದ ಹೊರಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಹೊರಡಬೇಕಾದ್ದು ನಿಮ್ಮ ಕೈಯಲ್ಲಿರುವ ಪರವಾನಗಿಯಿಂದ. ಒಂದೇ ಹೆಸರು ಹಿಟ್ಟಿನ ಗಿರಣಿಗೆ ಅಪಾಯಕಾರಿಯಾಗಿ, ಮಾಹಿತಿ ಕೊಡುವ ತಾಣಕ್ಕೆ ನಿರಪಾಯವಾಗಿ, ವೈದ್ಯರಿಗೆ ಇವೆರಡರ ನಡುವೆ ಎಲ್ಲೋ ಇರಬಹುದು.

ಆಹಾರ ಮಾರುವವರು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಗೂ, 2018ರ ಜಾಹೀರಾತು ಮತ್ತು ಕ್ಲೇಮ್‌ಗಳ (ಪದಾರ್ಥದ ಗುಣದ ಬಗ್ಗೆ ಮಾರುವವರು ಹೇಳಿಕೊಳ್ಳುವ ಮಾತುಗಳ) ನಿಯಮಾವಳಿಗೂ ಒಳಪಡುತ್ತಾರೆ. ಆಹಾರವು ಕಾಯಿಲೆಯನ್ನು ತಡೆಯುತ್ತದೆ, ವಾಸಿ ಮಾಡುತ್ತದೆ ಎಂದು ಹೇಳುವಂತಿಲ್ಲ. ಪೋಷಕಾಂಶಕ್ಕೂ ಕಾಯಿಲೆಯ ಅಪಾಯಕ್ಕೂ ಇರುವ ಸಂಬಂಧದ ಬಗ್ಗೆ ಅನುಮತಿ ಇರುವ ಕೆಲವೇ ಮಾತುಗಳನ್ನೂ ಗೊತ್ತುಮಾಡಿದ ಷರತ್ತುಗಳೊಡನೆ ಮಾತ್ರ ಹೇಳಬೇಕು, ಮತ್ತು ಅಷ್ಟೆಲ್ಲ ಷರತ್ತು ಒಂದು ಡೊಮೇನ್ ಹೆಸರಿನೊಳಗೆ ಹಿಡಿಸುವುದಿಲ್ಲ. ದಾರಿತಪ್ಪಿಸುವ ಜಾಹೀರಾತಿಗೆ ಕಾಯ್ದೆಯ 53ನೇ ಕಲಮಿನಡಿ 10 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಇದಕ್ಕಿಂತ ಗಂಭೀರವಾದ ಇನ್ನೊಂದು ತೊಡಕಿದೆ. 1954ರ ಕಾಯ್ದೆಯಲ್ಲಿ ಔಷಧ ಎಂದರೆ ಮಾತ್ರೆ, ಕಷಾಯಗಳಷ್ಟೇ ಅಲ್ಲ. ಕಾಯಿಲೆಯ ಚಿಕಿತ್ಸೆಗೆ, ಶಮನಕ್ಕೆ ಅಥವಾ ತಡೆಗೆ ಬಳಸಬೇಕೆಂದು ಉದ್ದೇಶಿಸಿದ ಯಾವುದೇ ಪದಾರ್ಥವೂ ಅದರೊಳಗೆ ಬರುತ್ತದೆ. ಉದ್ದೇಶ ಏನೆಂದು ತಿಳಿಯುವುದು ಮಾರುವವನ ಮಾತಿನಿಂದಲೇ. ಹೀಗಾಗಿ ಗಿರಣಿಯಿಂದ ಆಹಾರವಾಗಿ ಹೊರಟ ಹಿಟ್ಟು ತನ್ನ ವಿಳಾಸದ ದೆಸೆಯಿಂದ, ಪರವಾನಗಿಯಿಲ್ಲದ ಔಷಧವೆನಿಸಿಕೊಳ್ಳುವ ಪರಿಸ್ಥಿತಿ ಬರಬಹುದು. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಎಚ್ಚರಿಕೆ ಪತ್ರ ಕಳುಹಿಸುವಾಗ ಬಳಸುವ ತರ್ಕವೂ ಹೆಚ್ಚುಕಡಿಮೆ ಇದೇ.

ಆಯುರ್ವೇದ, ಯುನಾನಿ ಔಷಧಗಳನ್ನು ಪರವಾನಗಿ ಪಡೆದೇ ತಯಾರಿಸುವವರು, ತಮ್ಮದು ಔಷಧವೇ ಆದ್ದರಿಂದ ಕಾಯಿಲೆಯ ಹೆಸರು ಹೇಳಲು ಅಡ್ಡಿಯಿಲ್ಲ ಎಂದುಕೊಳ್ಳುವುದುಂಟು. ಇದು ತಪ್ಪು. 1954ರ ಕಾಯ್ದೆಯ 3ನೇ ಕಲಮು ಔಷಧಗಳನ್ನೇ ಕುರಿತದ್ದು, ಮತ್ತು ಅದರ ಅನುಸೂಚಿಯಲ್ಲಿ 54 ಕಾಯಿಲೆ ಮತ್ತು ಸ್ಥಿತಿಗಳಿವೆ: ಮಧುಮೇಹ, ಕ್ಯಾನ್ಸರ್, ಹೃದ್ರೋಗ, ರಕ್ತದ ಒತ್ತಡ, ಮೂರ್ಛೆರೋಗ, ಪಾರ್ಶ್ವವಾಯು, ಬೊಜ್ಜು, ತೊನ್ನು, ಮೂತ್ರಪಿಂಡದ ಕಲ್ಲು, ಸ್ತ್ರೀಯರ ಬಂಜೆತನ, ಲೈಂಗಿಕ ದೌರ್ಬಲ್ಯ, ಕೊನೆಗೆ ವ್ಯಕ್ತಿಯ ಎತ್ತರ ಕೂಡ. ಊರೂರಿನ ಗೋಡೆ ಬರಹಗಳನ್ನು ನೋಡಿ ಬೆಳೆದವರಿಗೆ ಈ ಪಟ್ಟಿ ಚಿರಪರಿಚಿತ ಎನಿಸುತ್ತದೆ. ಆ ಬರಹಗಳು ಈಗ ಗೋಡೆಯಿಂದ ಬ್ರೌಸರಿಗೆ ಬಂದಿವೆ, ಅಷ್ಟೆ. ಈ ಕಾಯ್ದೆಯನ್ನು ಹಮ್‌ದರ್ದ್ ದವಾಖಾನೆ ಪ್ರಶ್ನಿಸಿದಾಗ, 1959ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೆಲವು ಭಾಗಗಳನ್ನು ಮಾತ್ರ ರದ್ದುಮಾಡಿ ತಿರುಳನ್ನು ಎತ್ತಿಹಿಡಿಯಿತು. ಇಂಥ ಜಾಹೀರಾತು ವ್ಯಾಪಾರದ ಭಾಗವೇ ಹೊರತು ಸಂವಿಧಾನವು ಕಾಪಾಡುವ ವಾಕ್ ಸ್ವಾತಂತ್ರ್ಯವಲ್ಲ ಎಂದಿತು. ಮೊದಲ ಅಪರಾಧಕ್ಕೆ ಆರು ತಿಂಗಳವರೆಗೆ, ಮರುಕಳಿಸಿದರೆ ಒಂದು ವರ್ಷದವರೆಗೆ ಸೆರೆವಾಸವನ್ನು ಕಾಯ್ದೆ ಹೇಳುತ್ತದೆ. ಜಾಹೀರಾತಿನ ಪ್ರಕಟಣೆಯಲ್ಲಿ ಯಾವುದೇ ಬಗೆಯಲ್ಲಿ ಪಾಲ್ಗೊಳ್ಳುವುದನ್ನು ಅದು ನಿಷೇಧಿಸುವುದರಿಂದ, ತಾಣ ಕಟ್ಟಿಕೊಡುವ ಹುಡುಗರೂ ಈ ಮಾತನ್ನು ತಿಳಿದಿರುವುದು ಒಳ್ಳೆಯದು.

ಇಲ್ಲಿ ಒಂದು ಆಕ್ಷೇಪಣೆ ಸಹಜವಾಗಿ ಬರುತ್ತದೆ. ಅರ್ಶಕುಠಾರ ರಸ ಎಂಬ ಶಾಸ್ತ್ರೋಕ್ತ ಔಷಧವಿದೆ. ಹೆಸರನ್ನು ಬಿಡಿಸಿದರೆ ಮೂಲವ್ಯಾಧಿಗೆ ಕೊಡಲಿ ಎಂದಾಗುತ್ತದೆ. ಗ್ರಂಥವೇ ಹಾಗೆ ಕರೆದಿರುವಾಗ ನಮಗೇಕೆ ಅಡ್ಡಿ ಎಂದು ಕೇಳಬಹುದು. ಔಷಧದ ಶಾಸ್ತ್ರೀಯ ಹೆಸರು ಗ್ರಂಥದ್ದು. ಆದರೆ ಅಂಥದೇ ಹೆಸರನ್ನು ಆರಿಸಿ ಇಡೀ ಅಂಗಡಿಯ ನೆತ್ತಿಯ ಮೇಲೆ ಡೊಮೇನ್ ಆಗಿ ಕೂರಿಸುವುದು ನಿಮ್ಮ ನಿರ್ಧಾರ, ಮತ್ತು ಉತ್ತರ ಕೊಡಬೇಕಾದ್ದು ಆ ನಿರ್ಧಾರಕ್ಕೆ.

ವೈದ್ಯರ ವಿಷಯ ಇನ್ನೂ ಸೂಕ್ಷ್ಮ. ನೋಂದಾಯಿತ ವೈದ್ಯರು ತಮ್ಮ ಜಾಗದಲ್ಲಿ ಇಂತಿಂಥ ಕಾಯಿಲೆಗೆ ಚಿಕಿತ್ಸೆ ಕೊಡಲಾಗುವುದು ಎಂದು ಬೋರ್ಡು ಹಾಕಿಕೊಳ್ಳುವುದನ್ನು 1954ರ ಕಾಯ್ದೆಯ 14ನೇ ಕಲಮು ಹೊರತುಪಡಿಸಿದೆ. ಆದರೆ ಆ ವಿನಾಯಿತಿ ಇರುವುದು ಅವರ ಜಾಗದಲ್ಲಿ ತೂಗುಹಾಕಿದ ಬೋರ್ಡಿಗೆ. ಡೊಮೇನ್ ಹೆಸರು ದಾವಣಗೆರೆಯ ಕ್ಲಿನಿಕ್ಕಿನ ಬಾಗಿಲಲ್ಲಿ ತೂಗುವುದಿಲ್ಲ. ಅದು ಏಕಕಾಲಕ್ಕೆ ದುಬೈಯಲ್ಲೂ ಕಾಣುತ್ತದೆ. ಜೊತೆಗೆ 2002ರ ವೈದ್ಯಕೀಯ ನಡವಳಿಕೆಯ ನಿಯಮಗಳು ರೋಗಿಗಳನ್ನು ಸೆಳೆಯುವ ಪ್ರಚಾರವನ್ನು ನಿಷೇಧಿಸಿವೆ, ಅಸಾಮಾನ್ಯವಾಗಿ ದೊಡ್ಡದಾದ ಬೋರ್ಡನ್ನೂ ಬೇಡವೆಂದಿವೆ. ಬೋರ್ಡಿನ ಅಳತೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡ ನಿಯಮಗಳ ಮುಂದೆ, ಊರಿಗೇ ಉತ್ತಮ ಎಂದೋ ನೂರಕ್ಕೆ ನೂರು ಗುಣ ಎಂದೋ ಸಾರುವ ವಿಳಾಸ ಹೇಗೆ ಕಂಡೀತು ಎಂಬುದನ್ನು ವೈದ್ಯರೇ ಊಹಿಸಬಹುದು.

ಹೆಸರಿನ ಬಗೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ

ಕಾಯಿಲೆಯ ಹೆಸರಿಗೆ ಗುಣ, ಮುಕ್ತಿ, ನಿವಾರಣೆ, ಕ್ಯೂರ್, ರಿವರ್ಸ್ ಎಂಬ ಪದಗಳಲ್ಲಿ ಒಂದನ್ನು ಅಂಟಿಸಿದ ಹೆಸರುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಏನನ್ನೇ ಮಾರುವವರಾಗಲಿ, ಅವನ್ನು ಬಿಟ್ಟುಬಿಡುವುದೇ ಸರಿ. ಭ್ರೂಣದ ಲಿಂಗಕ್ಕೆ ಸಂಬಂಧಿಸಿದ ಪದಗಳಿಗಂತೂ ತಮಾಷೆಗೂ ಕೈಹಾಕಬಾರದು. ಲಿಂಗ ಪತ್ತೆಯ ಜಾಹೀರಾತನ್ನು ಇಂಟರ್‌ನೆಟ್ಟಿನಲ್ಲಿ ಪ್ರಕಟಿಸುವುದೂ ಮೂರು ವರ್ಷಗಳವರೆಗೆ ಸೆರೆವಾಸ ತರಬಲ್ಲ ಅಪರಾಧ.

ಕಾಯಿಲೆಯ ಹೆಸರಿದ್ದು ವಾಸಿಯ ಮಾತಿಲ್ಲದ ಹೆಸರುಗಳಲ್ಲಿ ನಿಜವಾದ ವಿವೇಚನೆ ಬೇಕಾಗುತ್ತದೆ. ಮಧುಮೇಹ ಎಂಬ ಪದಕ್ಕೆ ಮಾಹಿತಿ, ಮಾತು, ಪಾಠ ಎಂಬ ಪದಗಳನ್ನು ಸೇರಿಸಿ, ಏನನ್ನೂ ಮಾರದೆ ಬರೆಯುವವರಿಗೆ ಹೆಚ್ಚಿನ ಭಯವಿಲ್ಲ. ವೈಜ್ಞಾನಿಕ ಅಥವಾ ಸಾಮಾಜಿಕ ದೃಷ್ಟಿಯಿಂದ ಪ್ರಾಮಾಣಿಕವಾಗಿ ಬರೆದ ಗ್ರಂಥಗಳನ್ನು 1954ರ ಕಾಯ್ದೆಯೂ ಹೊರಗಿಟ್ಟಿದೆ. ಆದರೆ ಇಂಥ ತಾಣಗಳ ಖರ್ಚು ಹುಟ್ಟಬೇಕಲ್ಲ. ಎರಡನೇ ವರ್ಷದಲ್ಲಿ ಒಂದು ಪುಡಿಯ ಡಬ್ಬಿಯ ಚಿತ್ರ ಪಕ್ಕದಲ್ಲಿ ಬರುತ್ತದೆ, ಅದರ ಕೆಳಗೆ ಕಮಿಷನ್ ಸಿಗುವ ಲಿಂಕ್ ಬರುತ್ತದೆ. ಆ ದಿನದಿಂದ ಹೆಸರಿನ ಅರ್ಥವೇ ಬದಲಾಗುತ್ತದೆ, ಏಕೆಂದರೆ 3ನೇ ಕಲಮು ಕೇಳುವುದು ಔಷಧ ವಾಸಿ ಮಾಡುತ್ತದೆ ಎಂದು ನೀವು ಹೇಳಿದಿರಾ ಎಂದಷ್ಟೇ ಅಲ್ಲ. ಆ ಕಾಯಿಲೆಗೆ ಆ ಔಷಧ ಬಳಸಬಹುದು ಎಂದು ಸೂಚಿಸಿದಿರಾ ಎಂದೂ ಕೇಳುತ್ತದೆ. ಮಧುಮೇಹ ಎಂಬ ಹೆಸರಿನಡಿ ಮಾರಾಟಕ್ಕಿಟ್ಟ ಪುಡಿ ಏನನ್ನು ಸೂಚಿಸುತ್ತದೆ ಎಂಬುದಕ್ಕೆ ಸಾಕ್ಷಿ ಬೇಕಾಗುವುದಿಲ್ಲ. ಮುಂದೆ ಮಾರುವ ಆಲೋಚನೆ ಸ್ವಲ್ಪವಾದರೂ ಇದ್ದರೆ ಕಾಯಿಲೆಯ ಹೆಸರನ್ನು ಇಂದೇ ಬಿಡಿ.

ಅಂಗದ ಹೆಸರು, ದೇಹಸ್ಥಿತಿಯ ಹೆಸರು ಇರುವವು ಮೂರನೆಯ ಬಗೆ. ಎಫ್‌ಡಿಎ ತನ್ನ 2000ದ ನಿಯಮವನ್ನು ವಿವರಿಸುವಾಗ ಕೊಟ್ಟ ಉದಾಹರಣೆಗಳು ಇಲ್ಲಿ ದಾರಿ ತೋರಿಸುತ್ತವೆ: ಪೂರಕ ಆಹಾರಕ್ಕೆ 'ಹೆಪಟಾಕ್ಯೂರ್', 'ಕಾರ್ಪಾಲ್ಟಮ್' ಎಂದು ಹೆಸರಿಟ್ಟರೆ ಅದು ಕಾಯಿಲೆಯ ಕ್ಲೇಮ್, 'ಹಾರ್ಟ್ ಟ್ಯಾಬ್ಸ್', 'ಕಾರ್ಡಿಯೋಹೆಲ್ತ್' ಎಂದಿಟ್ಟರೆ ಅಲ್ಲ. ಮೊದಲನೆಯದು ಯಕೃತ್ತಿನ ಜೊತೆ ವಾಸಿಯನ್ನು ಸೇರಿಸುತ್ತದೆ, ಎರಡನೆಯದು ಮಣಿಕಟ್ಟಿನ ಒಂದು ನಿರ್ದಿಷ್ಟ ತೊಂದರೆಯ ಹೆಸರನ್ನು ಅರ್ಧಕ್ಕೆ ಮುರಿದು ಇಟ್ಟುಕೊಂಡಿದೆ. ಕಾಯಿಲೆಯ ಹೆಸರಿನ ಬಾಲ ಕತ್ತರಿಸಿದರೆ ಕಾನೂನು ಗುರುತಿಸಲಾರದು ಎಂಬ ಉಪಾಯ ಹೊಸದೇನಲ್ಲ, ಫಲಿಸುವಂಥದೂ ಅಲ್ಲ. ಆದರೂ ಹೃದಯ ಎಂಬ ಪದವನ್ನು ಎಣ್ಣೆಯ ವಿಳಾಸದಲ್ಲಿಡಲು ಭಾರತದಲ್ಲಿ ನಾನು ಹಿಂಜರಿಯುತ್ತೇನೆ. ಅಮೆರಿಕ ಬಿಟ್ಟ ಎಡೆಯನ್ನು ಇಲ್ಲಿನ ಅಧಿಕಾರಿ ಬಿಡಬೇಕೆಂಬ ನಿಯಮವಿಲ್ಲ.

ನಾಲ್ಕನೆಯವು ಶುದ್ಧ, ಸಹಜ, ನ್ಯಾಚುರಲ್, ಪ್ಯೂರ್ ಎಂಬ ಗುಣವಾಚಕಗಳ ಹೆಸರುಗಳು. ಇವನ್ನು ಜನ ಅತ್ಯಂತ ಸುರಕ್ಷಿತ ಎಂದು ಭಾವಿಸುತ್ತಾರೆ. 2018ರ ನಿಯಮಾವಳಿಯು ಇಂಥ ವಿಶೇಷಣಗಳಿರುವ ಬ್ರ್ಯಾಂಡ್ ಹೆಸರು ಗ್ರಾಹಕರ ದಾರಿತಪ್ಪಿಸುವಂತಿದ್ದರೆ, ಇದು ಬ್ರ್ಯಾಂಡ್ ಹೆಸರು ಮಾತ್ರ, ಪದಾರ್ಥದ ನಿಜಸ್ವರೂಪವನ್ನು ಹೇಳುವುದಿಲ್ಲ ಎಂಬ ಒಕ್ಕಣೆಯನ್ನು ಕನಿಷ್ಠ 3 ಮಿಲಿಮೀಟರ್ ಅಕ್ಷರದಲ್ಲಿ ಲೇಬಲ್ಲಿನ ಮೇಲೆ ಹಾಕಬೇಕೆನ್ನುತ್ತದೆ. ಲೇಬಲ್ಲಿಗೆ ಹಾಕಬಹುದು; ವಿಳಾಸಕ್ಕೆ 3 ಮಿಲಿಮೀಟರ್ ಎಲ್ಲಿಂದ ತರುವುದು?

ಷರಾ ಬರೆದು ಹೆಸರನ್ನು ಉಳಿಸಿಕೊಳ್ಳುವ ದಾರಿ ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಓಆರ್‌ಎಸ್ ಪದದ ಕಥೆಯನ್ನು ಗಮನಿಸಬೇಕು. ಭೇದಿಯಿಂದ ಬಳಲುವ ಮಗುವಿಗೆ ಕೊಡುವ ದ್ರಾವಣದ ಹೆಸರನ್ನು ತಮ್ಮ ಬ್ರ್ಯಾಂಡಿನೊಳಗೆ ಸೇರಿಸಿಕೊಂಡ ಸಿಹಿ ಪಾನೀಯಗಳಿಗೆ, ಇದು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಓಆರ್‌ಎಸ್ ಅಲ್ಲ ಎಂಬ ಒಕ್ಕಣೆಯ ಷರತ್ತಿನ ಮೇಲೆ 2022ರಲ್ಲಿ ಎಫ್ಎಸ್ಎಸ್ಎಐ ಅನುಮತಿ ಕೊಟ್ಟಿತ್ತು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಇದರ ವಿರುದ್ಧ ಹೋರಾಡಿದರು. ಕೊನೆಗೆ 2025ರ ಅಕ್ಟೋಬರ್ 14ರ ಆದೇಶದಲ್ಲಿ ಪ್ರಾಧಿಕಾರವು ಆ ಅನುಮತಿಯನ್ನು ಹಿಂತೆಗೆದುಕೊಂಡಿತು. ಹೆಸರಿನ ಹಿಂದೆ ಮುಂದೆ ಬೇರೆ ಪದ ಸೇರಿಸಿಕೊಂಡಿದ್ದರೂ ಆಹಾರ ಪದಾರ್ಥಕ್ಕೆ ಓಆರ್‌ಎಸ್ ಎಂಬ ಪದ ಕೂಡದು ಎಂದಾಯಿತು. ಔಷಧದಂಗಡಿಯಲ್ಲಿ ಆತುರದಿಂದ ಕೈಚಾಚುವ ತಾಯಿ ಓದುವುದು ದೊಡ್ಡಕ್ಷರದ ಹೆಸರನ್ನು, ಕೆಳಗಿನ ಷರಾವನ್ನಲ್ಲ.

ಇನ್ನು ಉಳಿದವು ಸ್ವಂತ ಹೆಸರು, ಊರಿನ ಹೆಸರು ಮತ್ತು ಹೊಸದಾಗಿ ಹುಟ್ಟಿಸಿದ ಪದ. ಇವುಗಳ ದೋಷವೆಂದರೆ ಹುಡುಕಾಟದಲ್ಲಿ ತಾನಾಗಿ ಮೇಲೆ ಬರುವುದಿಲ್ಲ, ಎರಡು ಮೂರು ವರ್ಷ ದುಡಿದು ಹೆಸರು ಮಾಡಬೇಕು. ಲಾಭ ಮಾತ್ರ ಎರಡು ಕಡೆಯಿಂದ. ಕ್ಲೇಮ್ ಇಲ್ಲದ್ದರಿಂದ ಜಾಹೀರಾತಿನ ಕಾಯ್ದೆಗಳು ಹೆಸರಿನ ತಂಟೆಗೆ ಬರುವುದಿಲ್ಲ. ಪದಾರ್ಥವನ್ನು ಬಣ್ಣಿಸದ, ಹೊಸದಾಗಿ ಹುಟ್ಟಿಸಿದ ಪದಕ್ಕೆ ಟ್ರೇಡ್‌ಮಾರ್ಕ್ ರಕ್ಷಣೆಯೂ ಸುಲಭ; ಬರೀ ಊರಿನ ಹೆಸರಿಗೆ ಅಷ್ಟು ಸುಲಭವಲ್ಲ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಕಲಮು ಸರಕಿನ ಗುಣ, ಉದ್ದೇಶಗಳನ್ನಷ್ಟೇ ಹೇಳುವ ಪದಗಳಿಗೂ ಜನರನ್ನು ವಂಚಿಸುವ ಚಿಹ್ನೆಗಳಿಗೂ ನೋಂದಣಿ ಕೊಡುವುದಿಲ್ಲ. 13ನೇ ಕಲಮು ವಿಶ್ವ ಆರೋಗ್ಯ ಸಂಸ್ಥೆ ಗೊತ್ತುಮಾಡಿದ ಔಷಧಗಳ ಸಾಮಾನ್ಯ ನಾಮಗಳಿಗೂ ಕೊಡುವುದಿಲ್ಲ. ಅಂದರೆ ಕ್ಲೇಮ್ ಇರುವ ಹೆಸರು ಇಟ್ಟವರು ದಂಡದ ಅಪಾಯವನ್ನೂ ಹೊರಬೇಕು, ಪಕ್ಕದವನು ಅದನ್ನೇ ಹೋಲುವ ಹೆಸರಿಟ್ಟಾಗ ತಡೆಯಲಾರದೆ ಕೈಚೆಲ್ಲಲೂ ಬೇಕು.

ಕನ್ನಡ ಪದಗಳ ತೂಕ

ಕನ್ನಡದ ಹೆಸರು ಆರಿಸುವವರು ಒಂದು ಪದವನ್ನು ಬಹಳ ಹುಷಾರಾಗಿ ಬಳಸಬೇಕು. ಗುಣ ಎಂದರೆ ಸ್ವಭಾವವೂ ಹೌದು, ವಾಸಿಯಾಗುವುದೂ ಹೌದು. ಸಿರಿ ಎಂಬುದರ ಜೊತೆ ಸೇರಿದರೆ ಅದು ಒಳ್ಳೆಯತನ. ಶುಗರ್ ಎಂಬುದರ ಜೊತೆ ಸೇರಿದರೆ ಚಿಕಿತ್ಸೆ. ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗವಿಲ್ಲದೆ ಬರೆದಾಗ ಯಾವ ಅರ್ಥ ಮುಂದೆ ಬರುತ್ತದೆ ಎಂಬುದನ್ನು ಮನೆಯ ನಾಲ್ಕು ಜನರ ಕೈಯಲ್ಲಿ ಗಟ್ಟಿಯಾಗಿ ಓದಿಸಿ ನೋಡುವುದು ಒಳ್ಳೆಯ ಪರೀಕ್ಷೆ. ಮದ್ದು ಎಂಬ ಪದ ಔಷಧವನ್ನೇ ಹೇಳುತ್ತದೆ, ಮನೆಮದ್ದು ಎಂದು ಮೆದುಗೊಳಿಸಿದರೂ ತಿನಿಸಿನ ಅಂಗಡಿಗೆ ಅದು ಹೊಂದದು. ರಾಮಬಾಣ, ಸಂಜೀವಿನಿ ಎಂಬವು ಪುರಾಣದ ಪದಗಳಾದರೂ ಆಡುಮಾತಿನಲ್ಲಿ ಎಂದೂ ಗುರಿ ತಪ್ಪದ ಚಿಕಿತ್ಸೆ ಎಂಬ ಅರ್ಥಕ್ಕೆ ನಿಂತುಬಿಟ್ಟಿವೆ. ಪಥ್ಯ ಎಂಬುದು ನಡುವಿನ ಪದ, ಊಟದ ಶಿಸ್ತನ್ನೂ ಹೇಳುತ್ತದೆ, ಕಾಯಿಲೆಯನ್ನೂ ನೆನಪಿಸುತ್ತದೆ. ಅಡುಗೆ, ಹೊಲ, ಕಣಜ, ಒರಳು, ಬೀಸುಕಲ್ಲು ಇವೆಲ್ಲ ಬೇಕಾದಷ್ಟು ಖಾಲಿ ಬಿದ್ದಿರುವಾಗ ಜನ ಮದ್ದಿನ ಹಿಂದೆಯೇ ಏಕೆ ಹೋಗುತ್ತಾರೋ ತಿಳಿಯದು.

ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಎಂದು ಮುಗಿಯುವ ಹೆಸರುಗಳೂ ಈಗ ಸಿಗುತ್ತವೆ. ಹೆಮ್ಮೆಯ ವಿಷಯವೇ ಸರಿ. ಆದರೆ ಲಿಪಿ ಬದಲಾದರೆ ಕಾಯ್ದೆ ಬದಲಾಗುವುದಿಲ್ಲ, ಅಧಿಕಾರಿ ಇನ್ನೂ ಸಲೀಸಾಗಿ ಓದಿಕೊಳ್ಳುತ್ತಾರೆ ಅಷ್ಟೆ.

ಚುಕ್ಕೆಯ ಬಲಗಡೆ

ಡಾಟ್ ಇನ್, ಡಾಟ್ ಕಾಮ್‌ಗಳಲ್ಲಿ ಯಾವುದನ್ನು ಆರಿಸಿದರೂ ಕ್ಲೇಮ್‌ನ ಅಪಾಯ ಒಂದೇ. ಡಾಟ್ ಡಾಕ್ಟರ್, ಡಾಟ್ ಕ್ಲಿನಿಕ್, ಡಾಟ್ ಹೆಲ್ತ್, ಡಾಟ್ ಕೇರ್ ಮುಂತಾದವು ಬಂದ ಮೇಲೆ ಬಾಲವೂ ಮಾತನಾಡತೊಡಗಿದೆ. ವೈದ್ಯರಲ್ಲದವರು ಡಾಟ್ ಡಾಕ್ಟರ್ ಎಂದು ಇಟ್ಟುಕೊಂಡರೆ ಬಾಲದಲ್ಲೇ ಸುಳ್ಳು ಹೇಳಿದಂತೆ. ಡಾಟ್ ಫಾರ್ಮಸಿ ಮಾತ್ರ ಬೇರೆ ಬಗೆಯದು. ಅಮೆರಿಕದ ಔಷಧ ಮಂಡಳಿಗಳ ಒಕ್ಕೂಟವಾದ ಎನ್‌ಎಬಿಪಿ ಪರಿಶೀಲಿಸಿದ ಮೇಲಷ್ಟೇ ಅದು ಸಿಗುವುದರಿಂದ ಆ ಬಾಲಕ್ಕೆ ಒಂದು ಮಟ್ಟದ ಬೆಲೆಯಿದೆ. ಹೆಸರು ಸಿಕ್ಕಿತೆಂದ ಮಾತ್ರಕ್ಕೆ ಅದು ಕಾನೂನುಬದ್ಧ ಎಂದು ತಿಳಿಯುವವರು ಬಹಳ. ನೋಂದಣಿ ಕಂಪನಿ ನೋಡುವುದು ಆ ಅಕ್ಷರಗಳು ಖಾಲಿ ಇವೆಯೇ ಎಂಬುದನ್ನು ಮಾತ್ರ. ಹೆಸರು ಯಾರದೆಂಬ ವಿವಾದ ಬಂದಾಗ, ಕ್ರಮವಾಗಿ ಡಾಟ್ ಇನ್ ಮತ್ತು ಡಾಟ್ ಕಾಮ್‌ನಂಥ ಹೆಸರುಗಳಿಗೆ, ನೆರವಿಗೆ ಬರುವ ಐಎನ್‌ಡಿಆರ್‌ಪಿ, ಯುಡಿಆರ್‌ಪಿ ವ್ಯವಸ್ಥೆಗಳು ಕೂಡ ಟ್ರೇಡ್‌ಮಾರ್ಕಿನ ಜಗಳಕ್ಕಾಗಿ ಹುಟ್ಟಿದವು, ಆರೋಗ್ಯದ ಮಾತು ನಿಜವೋ ಸುಳ್ಳೋ ಎಂದು ತೂಗಲು ಅಲ್ಲ.

ಆದರೆ ನೋಂದಣಿ ಕಂಪನಿಯವರು ಸದಾ ಕೈಕಟ್ಟಿ ಕುಳಿತಿರುತ್ತಾರೆ ಎಂದು ನಂಬಿಕೊಳ್ಳಬಾರದು. 2020ರ ಮಾರ್ಚ್‌ನಲ್ಲಿ ನೇಮ್‌ಚೀಪ್ ಕಂಪನಿಯು ಕೊರೊನಾವೈರಸ್, ಕೋವಿಡ್, ವ್ಯಾಕ್ಸಿನ್ ಎಂಬ ಪದಗಳಿರುವ ಹೆಸರುಗಳನ್ನು ಸ್ವಯಂಚಾಲಿತವಾಗಿ ನೋಂದಾಯಿಸಿಕೊಳ್ಳುವುದನ್ನು ನಿಲ್ಲಿಸಿತು. ಅದೇ ತಿಂಗಳು ಅಮೆರಿಕದ ನ್ಯಾಯ ಇಲಾಖೆ ಕೋವಿಡ್ ವಂಚನೆಯ ವಿರುದ್ಧ ಹೂಡಿದ ಮೊದಲ ದಾವೆಯು 'ಕೊರೊನಾವೈರಸ್‌ಮೆಡಿಕಲ್‌ಕಿಟ್ ಡಾಟ್ ಕಾಮ್' ಎಂಬ ತಾಣದ ಮೇಲಿನದು; ವಿಶ್ವ ಆರೋಗ್ಯ ಸಂಸ್ಥೆಯ ಲಸಿಕೆ ಕಿಟ್ ಉಚಿತ, ಸಾಗಣೆಗೆ 4.95 ಡಾಲರ್ ಕೊಡಿ ಎಂದು ಅದು ಕೇಳುತ್ತಿತ್ತು, ಆಗ ಅಂಥ ಲಸಿಕೆಯೇ ಇರಲಿಲ್ಲ. ಟೆಕ್ಸಸ್‌ನ ನ್ಯಾಯಾಲಯ ನೇರವಾಗಿ ನೋಂದಣಿ ಕಂಪನಿಗೇ ತಾಣವನ್ನು ತಡೆಯಲು ಆದೇಶಿಸಿತು. ಪ್ರಾಮಾಣಿಕ ವ್ಯಾಪಾರಿಗೆ ಇದರಲ್ಲಿ ತಿಳಿಯಬೇಕಾದ್ದು ಇಷ್ಟು: ದಂಡವನ್ನು ಹೇಗಾದರೂ ಕಟ್ಟಬಹುದು, ಆದರೆ ಹೆಸರನ್ನು ತಡೆಹಿಡಿದರೆ ಅದೇ ದಿನ ಆರ್ಡರುಗಳು, ಇ-ಮೇಲ್, ಗ್ರಾಹಕರ ದಾರಿ ಎಲ್ಲವೂ ಒಟ್ಟಿಗೆ ನಿಲ್ಲುತ್ತವೆ.

ಹೊರದೇಶಕ್ಕೆ ಕಳಿಸುವವರಿಗೆ

ಜರ್ಮನಿ, ಐರ್ಲೆಂಡ್‌ಗಳಲ್ಲಿರುವ ಕನ್ನಡಿಗರ ಮನೆಗಳಿಗೆ ಚಟ್ನಿಪುಡಿ, ಹಿಟ್ಟು ಕಳುಹಿಸುವ ಅಂಗಡಿಗಳು ಐರೋಪ್ಯ ಒಕ್ಕೂಟದ 1924/2006 ಸಂಖ್ಯೆಯ ನಿಯಮವನ್ನು ತಿಳಿದಿರಬೇಕು. ಬ್ರ್ಯಾಂಡ್ ಹೆಸರೇ ಆರೋಗ್ಯದ ಕ್ಲೇಮ್‌ನಂತೆ ಕೇಳಿಸುವುದಾದರೆ, ಅದರ ಜೊತೆಗೆ ಅನುಮತಿ ಪಡೆದ ಸಂಬಂಧಿತ ಕ್ಲೇಮ್ ಒಂದು ಇರಲೇಬೇಕು ಎನ್ನುತ್ತದೆ ಅದು. 2005ರ ಜನವರಿ 1ಕ್ಕಿಂತ ಮೊದಲಿನ ಹಳೆಯ ಬ್ರ್ಯಾಂಡುಗಳಿಗೆ ಕೊಟ್ಟಿದ್ದ ಗಡುವು ಕೂಡ 2022ರ ಜನವರಿ 19ಕ್ಕೆ ಮುಗಿದುಹೋಗಿದೆ. ಬೆಂಗಳೂರಿನಲ್ಲಿ ದಾಟಿಹೋದ ಹೆಸರು ಡಬ್ಲಿನ್‌ನಲ್ಲಿ ಸಿಕ್ಕಿಬೀಳಬಹುದು.

ಇಟ್ಟಾಗಿದೆ, ಈಗೇನು?

ತಪ್ಪು ಹೆಸರನ್ನು ಈಗಾಗಲೇ ಬಳಸುತ್ತಿರುವವರ ಮುಂದೆ ಮೂರು ದಾರಿಗಳಿವೆ. ಹೆಸರನ್ನು ಹಾಗೇ ಇಟ್ಟುಕೊಂಡು ಪುಟವನ್ನು ಸೌಮ್ಯಗೊಳಿಸುವುದು ಅಗ್ಗದ್ದು, ಆದರೆ ತೊಂದರೆ ಇರುವುದೇ ಹೆಸರಿನಲ್ಲಿ. ಹೊಸ ಹೆಸರು ಕೊಂಡು ಹಳೆಯದನ್ನು ಅದಕ್ಕೆ ರಿಡೈರೆಕ್ಟ್ ಮಾಡುವುದು ಬಹುಜನರ ಆಯ್ಕೆ. ಹುಡುಕಾಟದಿಂದ ಬರುವ ಜನ ತಪ್ಪಿಹೋಗುವುದಿಲ್ಲ ಎಂಬುದು ಅದರ ಆಕರ್ಷಣೆ. ಆದರೆ ಕಾಯಿಲೆಯ ಹೆಸರನ್ನು ನಂಬಿ ಬಂದವರನ್ನು ನಿಮ್ಮ ಹಿಟ್ಟಿನ ಬಳಿಗೆ ಕರೆತರುತ್ತಿರುವವರೆಗೆ ಆ ಹೆಸರು ನಿಮ್ಮ ಬಳಕೆಯಲ್ಲೇ ಇದೆ. ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 10 ಲಕ್ಷದವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಹಾಕಬಲ್ಲದು. ಉಳಿಸಿಕೊಂಡ ಕ್ಲಿಕ್ಕುಗಳ ಬೆಲೆ ಅಷ್ಟಿರುವುದು ಅಪರೂಪ. ಹಾಗಾಗಿ ನಾನು ಹೇಳುವುದು ಮೂರನೆಯದನ್ನು: ಹಳೆಯದರ ಬಾಡಿಗೆಯನ್ನು ಕಟ್ಟುತ್ತಿರಿ, ಬೇರೆಯವರ ಕೈಗೆ ಹೋಗದಿರಲಿ, ಆದರೆ ಅದರಲ್ಲಿ ಏನೂ ತೆರೆದುಕೊಳ್ಳದಿರಲಿ. ಹಳೆಯ ಗ್ರಾಹಕರಿಗೆ ಹೊಸ ವಿಳಾಸವನ್ನು ಬಿಲ್ಲಿನ ಜೊತೆ ಚೀಟಿಯಲ್ಲಿ ಕಳುಹಿಸಿ. ಲೇಬಲ್, ಜಿಎಸ್‌ಟಿ ಬಿಲ್ಲು, ಇ-ಮೇಲ್, ಮಾರಾಟ ತಾಣಗಳಲ್ಲಿನ ಅಂಗಡಿ ಪುಟ, ರಟ್ಟಿನ ಪೆಟ್ಟಿಗೆಯ ಮೇಲಿನ ಟೇಪು, ಎಲ್ಲವನ್ನೂ ಒಮ್ಮೆ ಸೋಸಿ ನೋಡಿ. ಟೇಪನ್ನು ಎಲ್ಲರೂ ಮರೆಯುತ್ತಾರೆ. ನೋಟಿಸು ಕೈಗೆ ಬಂದ ಮೇಲಾದರೆ ಇದರಲ್ಲಿ ಯಾವುದನ್ನೂ ಮುಟ್ಟುವ ಮೊದಲು ವಕೀಲರನ್ನು ಕಾಣಬೇಕು.

ನವಣೆ ಹಿಟ್ಟಿನ ಮಾಲೀಕರು ಒಪ್ಪಿಕೊಳ್ಳಲು ಮೂರು ವಾರ ತೆಗೆದುಕೊಂಡರು. ಕೊನೆಗೆ ತಮ್ಮ ಊರಿನ ಹೆಸರಿಗೆ ಬೀಸುಕಲ್ಲು ಎಂಬ ಪದವನ್ನು ಸೇರಿಸಿದ ವಿಳಾಸವನ್ನು ಕೊಂಡರು. ಅಚ್ಚಾಗಿ ಉಳಿದಿದ್ದ ಖಾಲಿ ಪೊಟ್ಟಣಗಳನ್ನು ಎಸೆಯಲು ಮನಸ್ಸಾಗದೆ, ಹಳೆಯ ವಿಳಾಸದ ಮೇಲೆ ಅಂಟಿಸಲು ಬಿಳಿಯ ಸ್ಟಿಕ್ಕರ್ ಮಾಡಿಸಿದರು. ಮೊದಲ ಕಂತಿನ ಸ್ಟಿಕ್ಕರ್ ತೀರ ತೆಳುವಾಗಿದ್ದು ಬೆಳಕಿಗೆ ಹಿಡಿದರೆ ಕೆಳಗಿನ ಅಕ್ಷರಗಳು ಕಾಣುತ್ತಿದ್ದವು. ಎರಡನೆಯ ಸಲ ಕಪ್ಪು ಹಿನ್ನೆಲೆಯದನ್ನು ಮಾಡಿಸಬೇಕಾಯಿತು.